ಗೂಡಿನೊಳಗಿನ ಪಿಸುಮಾತು

ಗೋಥೆನ್‌ಬರ್ಗಿನ ನಮ್ಮ ನಾಟಕ ಕಂಪನಿಯಲ್ಲಿ ಟೆಕ್ಲಾ ಬ್ರುಂಡಿನ್, ಆಟದ ನಡುವೆ ಮಾತು ಮರೆತ ನಟರಿಗೆ ಮೆಲ್ಲಗೆ ಹೇಳಿಕೊಡುವವಳು. ನಟಿಯಾಗಲು ಬಂದವಳನ್ನು, ಮುಖ ಸಾಲದು ಎಂದು ಯಜಮಾನರು ರಂಗದ ಮುಂದಿನ ಗೂಡಿಗೆ ಇಳಿಸಿದ್ದರು. ಪತ್ರಿಕೆಯಲ್ಲಿ ಒಮ್ಮೆಯಾದರೂ ತನ್ನ ಹೆಸರು ಬರಬೇಕೆಂಬುದು ಅವಳ ಆಸೆ. ಗೂಡಿನಲ್ಲಿ ಕೂತವಳ ಹೆಸರನ್ನು ಯಾರು ಬರೆಯುತ್ತಾರೆ?

ನಾಯಕ ವಾಲ್‌ಫ್ರಿಡ್ ಸ್ಟೊಲ್ಪೆ ಮಾತು ಕಲಿತು ಬಂದದ್ದನ್ನು ನಾನಂತೂ ಕಂಡಿಲ್ಲ. ಅವನು ಸಾಯುವ ದೃಶ್ಯದಲ್ಲಿ ಪಾದ್ರಿಯಾಗಿ ಪಕ್ಕದಲ್ಲೇ ನಿಲ್ಲುತ್ತಿದ್ದವನು ನಾನು. ವಿಮರ್ಶಕ ಪಾಲ್ಮಾರ್ಕರಿಗೆ ಕಿವಿ ಮಂದ. ಗೂಡಿಗೆ ಅಂಟಿಕೊಂಡ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. "ಸಾಯುವಾಗಿನ ಸ್ಟೊಲ್ಪೆಯವರ ಪಿಸುಮಾತು ಎದೆ ಕಲಕಿತು" ಎಂದು ಪತ್ರಿಕೆಯಲ್ಲಿ ಬರೆದರು. ಕೇಳಿಸಿದ್ದು ಯಾರ ದನಿ ಎಂದು ಕಂಪನಿಗೆಲ್ಲ ಗೊತ್ತಿತ್ತು.

ಸ್ಟೊಲ್ಪೆ ಪೇಪರು ಹಿಡಿದು ಗೂಡಿನತ್ತ ಬಗ್ಗಿದ. "ಟೆಕ್ಲಾ, ಅವರಿಗೊಂದು ಕಾಗದ ಬರೀಬೇಕು. ಏನಂತ ಬರೀಲಿ, ಹೇಳ್ಕೊಡು."

"ಬರ್ಕೊಳ್ಳಿ. ಆ ಪಿಸುಮಾತು ನಂದಲ್ಲ, ಟೆಕ್ಲಾಳದು."

"ತಮಾಷೆ ಸಾಕು ಮಾರಾಯ್ತಿ!"

ಕೊನೆಗೆ ತಾನೇ ಗೀಚಿದ: "ಆ ಪಿಸುಮಾತಿಗಾಗಿ ಹಗಲಿರುಳು ಬೆವರು ಸುರಿಸಿದ್ದೇನೆ." ಪಾಲ್ಮಾರ್ಕರಿಂದ ಉತ್ತರ ಬಂತು: "ಅದನ್ನು ಕೇಳಲೆಂದೇ ಶನಿವಾರ ಮತ್ತೆ ಬರುತ್ತೇನೆ." ಆ ಕಾಗದವನ್ನು ಬಣ್ಣದ ಕೋಣೆಯಲ್ಲಿ ಎಲ್ಲರಿಗೂ ತೋರಿಸಿ ಮೆರೆದ.

ಶನಿವಾರ ಸಾಯುವ ಹೊತ್ತಿಗೆ ಸ್ಟೊಲ್ಪೆ ಗೂಡಿನತ್ತ ನೋಡಿದ. ಟೆಕ್ಲಾ ಪುಸ್ತಕ ಮುಚ್ಚಿ ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡಳು. ಇವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ನಾನು ಶಿಲುಬೆ ಹಿಡಿದು ಬಗ್ಗಿದೆ.

"ಏನಾದ್ರೂ ಹೇಳಿ ಸಾಯಪ್ಪಾ!"

ಹೇಳಲಿಲ್ಲ. ಹಾಗೇ ಸತ್ತ.

ಸೋಮವಾರದ ಪತ್ರಿಕೆ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. "ಪಿಸುಮಾತಿಗಿಂತಲೂ ಸ್ಟೊಲ್ಪೆಯವರ ಮೌನ ದೊಡ್ಡದು!" ಇಂಥವರಿಗೆ ಮುಂದಿನ ಸಾಲಿನ ಕುರ್ಚಿ ಬೇರೆ ಕೇಡು. ಟೆಕ್ಲಾ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕೂತು ಬರೆದಳು:

"ಸ್ವಾಮಿ, ಪಿಸುಮಾತು ನನ್ನದು. ಆ ಮೌನವೂ ನನ್ನದೇ. ಇಂತಿ, ಟೆಕ್ಲಾ ಬ್ರುಂಡಿನ್, ನಿಮ್ಮ ಕಾಲ ಬುಡದ ಗೂಡು."

ಪಾಲ್ಮಾರ್ಕರು ಏನೆಂದುಕೊಂಡರೋ, ಒಂದಕ್ಷರ ಬದಲಿಸದೆ ಅದನ್ನು ಹಾಗೇ ಅಚ್ಚು ಹಾಕಿಸಿದರು. ಊರೆಲ್ಲ ಓದಿತು.

ಮುಂದಿನ ಆಟಕ್ಕೆ ಕಾಲಿಡಲು ಜಾಗವಿರಲಿಲ್ಲ. ಸ್ಟೊಲ್ಪೆ ಸತ್ತದ್ದೇ ತಡ, ಜನ ಎದ್ದು ನಿಂತು ಕೂಗಿದರು: "ಟೆಕ್ಲಾ, ಒನ್ಸ್ ಮೋರ್!" ಚಪ್ಪಾಳೆ ಕೇಳಿದ ಅಭ್ಯಾಸಬಲಕ್ಕೆ ಹೆಣ ಎದ್ದು ಕೈ ಮುಗಿಯಿತು. ಗೂಡಿನಿಂದ ಟೆಕ್ಲಾ ಮೆಲ್ಲಗೆ ಹೇಳಿದಳು, "ಮಲ್ಕೊಳ್ಳಿ, ಕರೆದದ್ದು ನಿಮ್ಮನ್ನಲ್ಲ."

ಸ್ಟೊಲ್ಪೆ ಎದೆಯುಬ್ಬಿಸಿ, ಸಭೆಯ ಕಡೆ ಕೈ ಚಾಚಿ, ಅದನ್ನೂ ಗಟ್ಟಿಯಾಗಿ ಒಪ್ಪಿಸಿದ.