ಪೋಷಕರ ದಿನಕ್ಕೆ ಕೋಣನಕುಂಟೆಗೆ

ಆವತ್ತು ನನ್ನನ್ನು ಯಾರೂ ಕರೆದಿರಲಿಲ್ಲ. ಒಂದು ಮಾತನ್ನು ತಪ್ಪಾಗಿ ತಿಳಿದು ಹೋದೆ, ಹೋದವಳು ಬಾಯಿ ಬಿಟ್ಟೆ, ಮೊಮ್ಮಗಳ ಓದಿಗೆ ಬೀಳಬೇಕಾಗಿದ್ದ ಸಹಿ ನಿಂತುಹೋಯಿತು. ನಡೆದದ್ದು ಇಷ್ಟೇ.

ಮೊಮ್ಮಗಳು ಗೌರಿ, ಆರನೇ ಕ್ಲಾಸು. ಅವಳ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಕೋಣನಕುಂಟೆ ಕಡೆ ಕ್ರೈಸ್ತರು ನಡೆಸುವ ಹಾಸ್ಟೆಲ್ ಶಾಲೆಯಲ್ಲಿದ್ದಾಳೆ. ಅಲ್ಲಿ ಒಂದೊಂದು ಮಗುವಿನ ಖರ್ಚನ್ನು ಒಬ್ಬೊಬ್ಬ ದಾನಿ ವಹಿಸಿಕೊಳ್ಳುತ್ತಾರೆ, ವರ್ಷಕ್ಕೊಮ್ಮೆ ಸಹಿ ಹಾಕುತ್ತಾರೆ. "ಭಾನುವಾರ ಪೋಷಕರ ದಿನ ಅಜ್ಜಿ" ಅಂತ ಗೌರಿ ಫೋನಿನಲ್ಲಿ ಹೇಳಿದ್ದಳು. ರಜದಲ್ಲೆಲ್ಲ ಸಾಕುವವಳು ನಾನು, ಪೋಷಕಿ ಅಂದರೆ ನಾನೇ ಅಂದುಕೊಂಡೆ.

ಬೆಳಿಗ್ಗೆ ಎಂಟಕ್ಕೆ ಇಟ್ಟಮಡುವಿನ ಮನೆಯಿಂದ ರವೆ ಉಂಡೆ ಡಬ್ಬಿ ಹಿಡಿದು ಹೊರಟೆ. ಪಕ್ಕದ ಮನೆ ಶಾಂತಮ್ಮ ಗೇಟಿನಲ್ಲಿ ನಿಂತಿದ್ದಳು.

"ಹಣೆ ತುಂಬ ವಿಭೂತಿ ಬಳ್ಕೊಂಡು ಚರ್ಚಿನವರ ಹತ್ರ ಹೊರಟ್ರಾ? ನಾಳೆ ಮಗು ಕೊರಳಿಗೆ ಶಿಲುಬೆ ಹಾಕ್ಕೊಂಡು ಬಂದ್ರೆ ಏನ್ ಮಾಡ್ತೀರಿ?"

"ಲೆಕ್ಕ ಕಲ್ತು ಬಂದ್ರೆ ಸಾಕು. ನಿನ್ನ ಮಗ ಲಿಂಗ ಕಟ್ಕೊಂಡೇ ಮೂರು ಸಲ ಫೇಲಾಗ್ಲಿಲ್ವಾ?" ಅಂದೆ. ಒಳಗೆ ಹೋದಳು.

ಬನಶಂಕರಿ ಬಸ್ ಸ್ಟ್ಯಾಂಡಿಗೆ ಆಟೋದವನು ನೂರು ಕೇಳಿದ. ನಡೆದೇ ಹೋದೆ, ಮುಕ್ಕಾಲು ಗಂಟೆ ಹಿಡಿಯಿತು. ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ, ಆಧಾರ್ ಕಾರ್ಡ್ ತೋರಿಸಬೇಕು. ಕಂಡಕ್ಟರ್ ಕಾರ್ಡನ್ನೂ ನನ್ನನ್ನೂ ನೋಡಿ, "ಇದು ನೀವೇನಾ ಅಜ್ಜಿ?" ಅಂದ. "ಆಗ ಹಲ್ಲಿತ್ತು" ಅಂದೆ. ಟಿಕೆಟ್ ಹರಿದು ಕೊಟ್ಟ. ಸಾರಕ್ಕಿ ಸಿಗ್ನಲ್ಲಿನಲ್ಲಿ ಭಾನುವಾರವೂ ಕಾಲು ಗಂಟೆ ನಿಂತೆವು. ಬಿಸಿಲು ಕಿಟಕಿಯಿಂದ ನೇರ ಮೊಣಕಾಲಿಗೆ ಬಡಿಯುತ್ತಿತ್ತು. ತಲೆಯ ಮೇಲೆ ಮೆಟ್ರೊ ಎರಡು ಸಲ ಹೋಯಿತು. ಕೋಣನಕುಂಟೆ ಕ್ರಾಸಿನಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಶಾಲೆ.

ಗೇಟಿನಲ್ಲಿದ್ದ ಹುಡುಗಿ "ಪೋಷಕರಾ?" ಅಂದಳು. ಹೌದು ಅಂದೆ. ಸೆರಗಿಗೆ ಗುಲಾಬಿ ಚುಚ್ಚಿ ಮುಂದಿನ ಸಾಲಿನಲ್ಲಿ ಕೂರಿಸಿದಳು. ಕಾಫಿ, ಕೇಕು ಬಂತು. ಕೇಕು ಚೆನ್ನಾಗಿತ್ತು, ಕಾಫಿ ನೀರು. ವೇದಿಕೆಯ ಮೇಲೆ ಹಾಡುತ್ತಿದ್ದ ಗೌರಿ ನನ್ನನ್ನು ನೋಡಿದವಳೇ ಹಾಡು ನಿಲ್ಲಿಸಿಬಿಟ್ಟಳು. ಹಾಸ್ಟೆಲ್ ನೋಡಿಕೊಳ್ಳುವ ಸಿಸ್ಟರ್ ಓಡಿಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅಜ್ಜಿ, ನೀವ್ಯಾಕೆ ಬಂದ್ರಿ? ಇದು ಸ್ಪಾನ್ಸರ್ ಮಾಡೋರ ದಿನ. ಅವರನ್ನೇ ನಾವು ಪೋಷಕರು ಅನ್ನೋದು."

"ಮತ್ತೆ ನಾನ್ಯಾರು?"

"ಅದೇ ತೊಂದ್ರೆ. ಗೌರಿಗೆ ಯಾರೂ ಇಲ್ಲ ಅಂತ ಫಾರಂನಲ್ಲಿದೆ. ಹಾಗಂತ್ಲೇ ಸ್ಪಾನ್ಸರ್ ಮೇಡಂ ಅವಳನ್ನ ಒಪ್ಪಿರೋದು. ಅವರು ಸಹಿ ಹಾಕಿ ಹೋಗೋವರ್ಗೂ ಅಡುಗೆಮನೇಲಿರಿ, ದಮ್ಮಯ್ಯ."

ನೆನಪಾಯಿತು. ಶಾಲೆಗೆ ಸೇರಿಸುವ ದಿನ ಮಗುವಿಗೆ ಯಾರಿದ್ದಾರೆ ಅಂತ ಗುಮಾಸ್ತ ಕೇಳಿದಾಗ "ಯಾರೂ ಇಲ್ಲ ಕಣಪ್ಪ, ನಾನೊಬ್ಳೇ" ಅಂದಿದ್ದೆ. ಅವನು ಮೊದಲ ಅರ್ಧ ಮಾತ್ರ ಬರೆದುಕೊಂಡಿದ್ದಾನೆ. ನಾನು ಓದದೆ ಸಹಿ ಹಾಕಿದ್ದೇನೆ.

ಅಡುಗೆಮನೆಗೆ ಹೋಗಿ ಬೀನ್ಸ್ ಹೆಚ್ಚುತ್ತ ಕೂತೆ. ಸುಮ್ಮನೆ ಕೂತು ಅಭ್ಯಾಸವಿಲ್ಲ. ಅರ್ಧ ಗಂಟೆಯಲ್ಲಿ ಆ ಮೇಡಂ ಗೌರಿಯ ಕೈ ಹಿಡಿದುಕೊಂಡು ಅಲ್ಲಿಗೇ ಬಂದರು, ಮಾತ್ರೆ ನುಂಗಲು ಬಿಸಿನೀರು ಬೇಕಂತೆ. ಬಿಟಿಎಂ ಲೇಔಟಿನವರು, ನರ್ಸ್ ಆಗಿದ್ದು ರಿಟೈರ್ ಆದವರು. ಹಿಂದೆಯೇ ಸಿಸ್ಟರ್.

"ಹೊಸ ಅಡುಗೆಯವರಾ?" ಅಂತ ಮೇಡಂ ಗೌರಿಯನ್ನು ಕೇಳಿದರು.

ಗೌರಿ ಸಿಸ್ಟರ್ ಮುಖ ನೋಡಿದಳು. ಆಮೇಲೆ ಬಾಯಿ ತೆರೆದಳು. ಅವಳು ಹೂಂ ಅನ್ನುತ್ತಾಳೆ ಅಂತ ನನಗೆ ಗೊತ್ತಾಯಿತು.

"ಅಡುಗೆಯವಳಲ್ಲಮ್ಮ. ಇವಳ ಅಜ್ಜಿ, ತಾಯಿಯ ತಾಯಿ" ಅಂದೆ.

ಮೇಡಂ ಲೋಟ ಕೆಳಗಿಟ್ಟರು. "ರಜಕ್ಕೆ ಎಲ್ಲಿಗೆ ಹೋಗ್ತೀಯ ಗೌರಿ?"

"ಅಜ್ಜಿ ಮನೆಗೆ."

"ರಜದಲ್ಲೂ ಇಲ್ಲೇ ಇರ್ತೀನಿ ಅಂತ ನನಗೆ ಕಾಗದ ಬರೆದಿದ್ಯಲ್ಲ?"

"ಎಲ್ಲರಿಗೂ ಬೋರ್ಡ್ ಮೇಲೆ ಬರೆದುಕೊಡ್ತಾರೆ ಆಂಟಿ, ನೋಡ್ಕೊಂಡು ಬರೀತೀವಿ."

ಸಿಸ್ಟರ್ ನೆಲ ನೋಡುತ್ತಿದ್ದರು. ಫಾರಂನ ಕತೆಯನ್ನು ನಾನೇ ಹೇಳಿದೆ, ಸಹಿ ನನ್ನದೇ ಅಂತಲೂ ಹೇಳಿದೆ. ಮೇಡಂ ಕೋಪದಲ್ಲೇ ಕೇಳಿಸಿಕೊಂಡು ಸಿಸ್ಟರ್ ಕಡೆ ತಿರುಗಿದರು.

"ಅಜ್ಜಿ ಇದ್ರೆ ಓದಿಸಲ್ಲ ಅಂತ ನಾನು ಹೇಳಿಲ್ಲ ಸಿಸ್ಟರ್. ಆದ್ರೆ ಸುಳ್ಳು ಕಾಗದಕ್ಕೆ ಸಹಿ ಹಾಕಲ್ಲ. ಸರಿ ಮಾಡಿ ಕಳಿಸಿ, ಆಮೇಲೆ ನೋಡ್ತೀನಿ."

ಮಾತ್ರೆ ನುಂಗಿ ಹೊರಟುಹೋದರು.

"ಇನ್ನೊಂದು ಹತ್ತು ನಿಮಿಷ ಸುಮ್ಮನಿದ್ದಿದ್ರೆ ಆಗ್ತಿತ್ತಲ್ಲ ಅಜ್ಜಿ" ಅಂದರು ಸಿಸ್ಟರ್.

"ಆಗ್ತಿತ್ತು" ಅಂದೆ. "ಮಗು ನನ್ನನ್ನ ಅಡುಗೆಯವಳು ಅಂತಿದ್ಲು. ಅಷ್ಟೇ ತಾನೆ?"

ಗೌರಿ ಗೇಟಿನವರೆಗೆ ಬಂದಳು. ಡಬ್ಬಿ ತೆಗೆದು ಅಲ್ಲೇ ಎರಡು ಉಂಡೆ ತಿಂದಳು. "ನನ್ನನ್ನ ಶಾಲೆ ಬಿಡಿಸ್ತಾರಾ?" ಅಂದಳು. ಗೊತ್ತಿಲ್ಲ ಅಂದೆ. ಗೊತ್ತಿರಲಿಲ್ಲ. ಬಸ್ಸಿಗೆ ನಲವತ್ತು ನಿಮಿಷ ಕಾದೆ, ಮನೆ ಸೇರುವಾಗ ಎರಡು ಗಂಟೆ ದಾಟಿತ್ತು.

ಸೋಮವಾರ ಬೆಳಿಗ್ಗೆ ನಮ್ಮಿಬ್ಬರ ಹೆಸರೂ ಇರುವ ರೇಷನ್ ಕಾರ್ಡ್ ತೆಗೆದುಕೊಂಡು ಮತ್ತೆ ಹೋದೆ. ಆಫೀಸು ತೆರೆಯುವ ಮೊದಲೇ ಮೆಟ್ಟಿಲ ಮೇಲಿದ್ದೆ. ಗುಮಾಸ್ತ ಹಳೇ ಫಾರಂ ಹೊಡೆದುಹಾಕಿ ಹೊಸದು ಬರೆದ. ಜೋರಾಗಿ ಓದು ಅಂದೆ, ಓದಿದ. ಇನ್ನೊಂದು ಸಲ ಓದಿಸಿದೆ. ಆಮೇಲೆ ಸಹಿ ಹಾಕಿದೆ.