ಅರ್ಧ ಅಧ್ಯಾಯ ಓದಿದ ಹಿರಿಯರು

ನಾನು ಚಿಕ್ಕವನಿದ್ದಾಗ ನಡೆದ ಒಂದು ಮಧ್ಯಾಹ್ನ ನೆನಪಾದರೆ, ಮಕ್ಕಳೇ, ನನಗೆ ಈಗಲೂ ಮೈ ಉರಿಯುತ್ತದೆ. ಮೆಣಸು, ಶುಂಠಿ ಕೊಂಡು ಮಾರಿ ಬದುಕು ಕಟ್ಟಿಕೊಂಡವನು ನಾನು. ಎಷ್ಟೋ ಜನರ ಮೋಸ ನೋಡಿ ನಕ್ಕು ಸುಮ್ಮನಾಗಿದ್ದೇನೆ. ಇದಕ್ಕೆ ಮಾತ್ರ ನಗು ಬರುವುದಿಲ್ಲ.

ಎಪ್ಪತ್ತರ ದಶಕ. ಸಾಗರ ಪೇಟೆಯ ಅಂಚಿನ ನಮ್ಮ ಕೇರಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಬೇಲಿಯಾಚೆಯ ರೈತರ ಮನೆಯಾಕೆಯನ್ನು ನಾವು ದೊಡ್ಡಮ್ಮ ಎನ್ನುತ್ತಿದ್ದೆವು. ಅಮ್ಮ ತೀರಿಕೊಂಡ ಮೇಲೆ ಅಕ್ಕನಿಗೆ ಜಡೆ ಹಾಕಿದವಳು, ನನಗೆ ಜ್ವರ ಬಂದಾಗ ಗಂಜಿ ಕಾಸಿದವಳು ಅವಳೇ. ಭೂಮಿ ಹುಣ್ಣಿಮೆಯಂದು ಅವರ ಮನೆಯವರು ಬಸುರಿಗೆ ಬಯಕೆಯೂಟ ಬಡಿಸುವ ಹಾಗೆ ತೆನೆಗಟ್ಟಿದ ಗದ್ದೆಗೆ ಅಡುಗೆ ಬಡಿಸುತ್ತಿದ್ದರು. ಅದರಲ್ಲಿ ನಮಗೂ ಒಂದು ಪಾಲು ಬರುವುದು ವಾಡಿಕೆ.

ಆ ವರ್ಷ ಹುಣ್ಣಿಮೆಯ ಮಧ್ಯಾಹ್ನ ನಮ್ಮ ಮನೆಯಲ್ಲಿ ಪ್ರಾರ್ಥನೆ ಕೂಟವಿತ್ತು. ಮುಂದಿನ ಭಾನುವಾರ ಬಿಷಪ್ ಬಂದು ಅಕ್ಕನಿಗೆ ದೃಢೀಕರಣ ಕೊಡುವವರಿದ್ದರು. ಅದಾದರೆ ಅವಳೂ ದೊಡ್ಡವರಂತೆ, ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನಕ್ಕೆ ಹೋಗಬಹುದು. ವರ್ಷವಿಡೀ ಓದಿ ತಯಾರಾಗಿದ್ದಳು. ಬಿಷಪರಿಗೆ ಅವಳ ಹೆಸರು ಕೊಡಬೇಕಾದವರು ನಮ್ಮ ಚರ್ಚಿನ ಸಭೆಯ ಹಿರಿಯರು. ಅವರು ನಮ್ಮ ಜಗಲಿಯಲ್ಲಿ ಕಾಫಿ ಹೀರುತ್ತಾ ಕೂತಿದ್ದರು.

ಅಷ್ಟರಲ್ಲಿ ದೊಡ್ಡಮ್ಮ ಕೆಮ್ಮಣ್ಣು ಬಳಿದು ಬಿಳಿ ಚಿತ್ತಾರ ಬರೆದ ಬುಟ್ಟಿ ಹಿಡಿದು ಬಂದಳು. ಬಾಳೆಲೆಯಲ್ಲಿ ಬೆಂದ ಸೌತೆಕಾಯಿ ಕಡುಬಿನ ಪರಿಮಳ ಜಗಲಿಗೆಲ್ಲ ಹರಡಿತು. "ತಗಾ ಮಗಾ, ಬಿಸಿ ಐತೆ."

"ಪೂಜೆಗಿಟ್ಟಿದ್ದು ಇವರು ಮುಟ್ಟಂಗಿಲ್ಲ, ತಗಂಡು ಹೋಗಮ್ಮ" ಎಂದರು ಹಿರಿಯರು. ಬೈಬಲ್ ಬಿಚ್ಚಿ, ಕೊರಿಂಥದವರಿಗೆ ಪೌಲ ಬರೆದ ಪತ್ರದಿಂದ, ವಿಗ್ರಹಕ್ಕೆ ಅರ್ಪಿಸಿದ್ದರಲ್ಲಿ ಪಾಲು ತೆಗೆದುಕೊಳ್ಳಬಾರದು ಎನ್ನುವ ಭಾಗ ಓದಿ ಫಟ್ಟನೆ ಮುಚ್ಚಿದರು. ದೊಡ್ಡಮ್ಮನ ಮುಖ ಬಾಡಿಹೋಯಿತು.

ಅಪ್ಪ ತಣ್ಣಗೆ ಕೇಳಿದರು. "ನೀವು ಕುಡಿದ ಕಾಫಿ ಹಾಲು ಇವ್ರ ಕೊಟ್ಟಿಗೇದೇ ಹಿರಿಯರೇ. ದೀಪಾವಳಿಗೆ ಆ ಹಸುಗೂ ಪೂಜೆ ಆಗ್ತದೆ. ಈಗೆಂತ ಮಾಡ್ತೀರಿ?"

ಹಿರಿಯರು ಲೋಟ ದೂರ ಸರಿಸಿದರು. ಕಾಫಿ ಮುಗಿದಿತ್ತು, ಅದು ಬೇರೆ ಮಾತು.

ಅಕ್ಕ ಬೈಬಲ್ ತೆಗೆದುಕೊಂಡು ಅದೇ ಅಧ್ಯಾಯವನ್ನು ಅವರು ನಿಲ್ಲಿಸಿದ ಕಡೆಯಿಂದ ಓದಿದಳು. ಭೂಮಿಯೂ ಅದರಲ್ಲಿರುವುದೆಲ್ಲವೂ ದೇವರದೇ. ಯಾರಾದರೂ ಕರೆದು ಬಡಿಸಿದರೆ ವಿಚಾರಿಸದೆ ಉಣ್ಣಿರಿ ಎಂದಿತ್ತು.

"ಇದು ಅರ್ಪಿಸಿದ್ದು ಅಂತ ಹೇಳಿದ್ರೆ ತಿನ್ಬೇಡಿ ಅಂತಾನೂ ಐತಲ್ಲ!" ಎಂದು ಹಿರಿಯರು ಗುಡುಗಿದರು.

"ಐತೆ. ಹೇಳಿದೋರ ಮನಸ್ಸಿಗೋಸ್ಕರ ಅಂತಾನೂ ಐತೆ. ದೊಡ್ಡಮ್ಮನ ಮನಸ್ಸು ಯಾವುದಕ್ಕೆ ನೋಯ್ತದೆ, ನೀವೇ ಹೇಳಿ."

"ನಿಂಗೆ ದೃಢೀಕರಣ ಬೇಕೋ, ಕಡುಬು ಬೇಕೋ?"

ಅಕ್ಕ ಎದ್ದು ಹೋಗಿ ಎರಡೂ ಕೈ ಚಾಚಿ ಬುಟ್ಟಿ ಇಸಿದುಕೊಂಡಳು.

ಭಾನುವಾರ ಅವಳ ಹೆಸರು ಕರೆಯಲಿಲ್ಲ. ಹೊಸ ಬಿಳಿ ಸೀರೆಯುಟ್ಟು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಜೊತೆಯ ಹುಡುಗಿಯರೆಲ್ಲ ಮುಂದೆ ಮೊಣಕಾಲೂರಿದರು. ಇವಳೇಕಿಲ್ಲ ಎಂದು ಒಬ್ಬರಾದರೂ ಕೇಳಲಿಲ್ಲ. ಬಿಷಪ್ ಮತ್ತೆ ನಮ್ಮ ಕಡೆ ಬರುವ ಹೊತ್ತಿಗೆ ಅಕ್ಕನಿಗೆ ಮದುವೆಯಾಗಿ ಮಗುವಾಗಿತ್ತು. ಮಗುವನ್ನು ಎತ್ತಿಕೊಂಡೇ ದೃಢೀಕರಣಕ್ಕೆ ಮುಂದೆ ಹೋದಳು. ಆದರೆ ಆ ನಡುವಿನ ವರ್ಷಗಳನ್ನು ಅವಳಿಗೆ ಯಾರು ತಿರುಗಿ ಕೊಟ್ಟರು?

ವ್ಯಾಪಾರದಲ್ಲಿ ಮೂಟೆಯ ಬಾಯಿ ಮಾತ್ರ ಬಿಚ್ಚಿ ತೋರಿಸುವವನಿಂದ ನಾನು ಮಾಲು ಕೊಳ್ಳುವುದಿಲ್ಲ. ತಳದವರೆಗೆ ಕೈ ಹಾಕುತ್ತೇನೆ. ದೇವರ ಮಾತನ್ನೂ ಹಾಗೇ ತಳದವರೆಗೆ ನೋಡಿಯೇ ಕೊಳ್ಳಿ.

ನಿಮ್ಮ ಕಾಲ ಬೇರೆ. ಬೆಳಗಾದರೆ ಫೋನಿಗೆ ಹೂವಿನ ಚಿತ್ರದ ಮೇಲೆ ಬೈಬಲಿನ ಒಂದು ವಚನ ಬರುತ್ತದೆ. ಹಾಸ್ಟೆಲಿನ ಗೆಳತಿ ಕೊಟ್ಟ ಹಬ್ಬದ ಸಿಹಿ ಮುಟ್ಟಬೇಡಿ ಎಂದು ಮೊನ್ನೆ ಯಾರೋ ಕಳಿಸಿದ್ದನ್ನು ನೀವು ನನಗೂ ಕಳಿಸಿದಿರಿ. ಆಗ ನಮ್ಮ ಮನೆಗೆಲ್ಲ ಒಂದೇ ಬೈಬಲ್, ಅದೂ ಹಿರಿಯರ ಕೈಯಲ್ಲಿತ್ತು; ಅಕ್ಕ ಅದನ್ನು ಅವರಿಂದ ತೆಗೆದುಕೊಂಡು ಓದಬೇಕಾಯಿತು. ನಿಮಗೆ ಬೆರಳಾಡಿಸಿದರೆ ಸಾಕು, ಇಡೀ ಅಧ್ಯಾಯ ತೆರೆದುಕೊಳ್ಳುತ್ತದೆ. ಅಷ್ಟನ್ನೂ ಮಾಡದೆ ಮುಂದಕ್ಕೆ ಕಳಿಸುತ್ತೀರಲ್ಲ, ನಿಮಗೇನು ಅಡ್ಡಿ?