ಕಪಿಲಾ ರಾಕರ್ಸ್‌ಗೆ ಒಂದು ಒನ್ಸ್‌ಮೋರ್

ಪ್ರೇಮ್‌ಕುಮಾರ್ ಅವರನ್ನು ಮೊದಲ ಸಲ ಕಂಡಾಗ, ಸರ್ವೇ ಇಲಾಖೆಯವರೆಂದು ತಿಳಿದು ಈ ಬರಹಗಾರ ಅವರಿಗೆ ಒಂದು ಎಳನೀರು ಕುಡಿಸಿದ್ದುಂಟು. ತಪ್ಪು ಪೂರಾ ಬರಹಗಾರನದಲ್ಲ. ಅದು ೧೯೯೧ರ ಮಾತು. ತಾಂಡ್ಯದ ಸುತ್ತಮುತ್ತ ಕಾರ್ಖಾನೆಗಳಿಗೆ ಯಾರ ಜಮೀನು ಹೋಗುತ್ತದೆ, ಯಾರದು ಉಳಿಯುತ್ತದೆ ಎಂದು ದಿನಕ್ಕೊಂದು ಸುದ್ದಿ ಹುಟ್ಟುತ್ತಿದ್ದ ಕಾಲ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಉದ್ದನೆಯ ಕರಿಪೆಟ್ಟಿಗೆಯನ್ನು ಹೆಗಲಿಗೇರಿಸಿ, ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಯಾರನ್ನೂ ಲೆಕ್ಕಕ್ಕಿಡದೆ ನಿಂತವರು ಸರ್ವೇಯರ್ ಅಲ್ಲದೆ ಇನ್ನಾರಾಗಬೇಕು? ಎಳನೀರು ಮುಗಿಯುವವರೆಗೂ ಅವರು ತುಟಿ ಪಿಟಕ್ಕೆನ್ನಲಿಲ್ಲ. ಒಳಗಿನ ಗಂಜಿಯನ್ನೂ ಕೆರೆದು ತಿಂದು, ಬಾಯಿ ಒರೆಸಿಕೊಂಡ ಮೇಲೆ ಹೇಳಿದರು:

"ನಿಮ್ ಜಮೀನು ಎಲ್ಲಾರ ಓಗ್ಲಿ ಸಾ. ಇದ್ರೊಳಗಿರೋದು ಗಿಟಾರು."

ಪ್ರೇಮ್‌ಕುಮಾರ್ ವಾರಕ್ಕೆ ಆರು ದಿನ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಏಳನೆಯ ದಿನ ‘ಕಪಿಲಾ ರಾಕರ್ಸ್’ ಎಂಬ ಆರ್ಕೆಸ್ಟ್ರಾದ ಸಂಸ್ಥಾಪಕ ಅಧ್ಯಕ್ಷ ಹಾಗೂ ಲೀಡ್ ಗಿಟಾರಿಸ್ಟ್. ಮೂರು ಜನರ ತಂಡಕ್ಕೆ ಅಧ್ಯಕ್ಷ ಯಾಕೆ ಎಂದು ಯಾರಾದರೂ ಕೇಳಿದರೆ "ಲೆಟರ್‌ಹೆಡ್ ಪ್ರಿಂಟ್ ಆಗೋಗದೆ" ಎನ್ನುತ್ತಿದ್ದರು. ಡ್ರಮ್ಸ್ ಬಡಿಯುತ್ತಿದ್ದ ಮಾದೇಶ್ ಅವರದೇ ಬೀದಿಯವರು, ಬಸ್ ಕಂಡಕ್ಟರ್. ಹಾಡುತ್ತಿದ್ದ ದೇವರಾಜು ಕಳಲೆಯ ಹಾಲಿನ ಡೇರಿಯ ಸೆಕ್ರೆಟರಿ. ಬೆಳಿಗ್ಗೆ ಹಾಲಿನ ಡಿಗ್ರಿ ನೋಡಿ, ಸಂಜೆ ಇಂಗ್ಲಿಷ್ ಹಾಡುತ್ತಿದ್ದರು. ಹೌದು, ಇಂಗ್ಲಿಷ್. ಕಪಿಲಾ ರಾಕರ್ಸ್‌ನ ಗತ್ತೆಲ್ಲ ಇದ್ದದ್ದು ಅಲ್ಲೇ. ಉಳಿದ ಆರ್ಕೆಸ್ಟ್ರಾಗಳಂತೆ ಸಿನಿಮಾ ಹಾಡುಗಳನ್ನು ಹಾಡಿ ಮುಗಿಸಿದ ಮೇಲೆ, ಏಪ್ರಿಲ್ ಸೆಕೆಯಲ್ಲೂ ರೆಕ್ಸಿನ್ ಜರ್ಕಿನ್ ತೊಟ್ಟ ಪ್ರೇಮ್‌ಕುಮಾರ್ ಮೈಕಿನ ಮುಂದೆ ಬಂದು, "ಈಗ ಫಾರಿನ್ ಐಟಂ. ಡಿಟ್ಟೋ ಕಾಪಿ. ಒಂದ್ ಕೂದ್ಲೆಳೆ ವ್ಯತ್ಯಾಸ ಇದ್ರೆ ಹೇಳ್ರಪ್ಪ" ಎಂದು ಸವಾಲು ಹಾಕುತ್ತಿದ್ದರು. ಹೇಳುವವರು ಎರಡು ತಾಲ್ಲೂಕಿನಲ್ಲಿ ಒಬ್ಬರೂ ಇರಲಿಲ್ಲ.

ಆ ಹಾಡು ಅವರಿಗೆ ಸಿಕ್ಕಿದ್ದು ಲೇಬಲ್ ಕಿತ್ತುಹೋಗಿದ್ದ ಒಂದು ಕ್ಯಾಸೆಟ್ಟಿನಲ್ಲಿ. ಹಾಡಿದವರು ಯಾರು, ಯಾವ ದೇಶದವರು, ಒಂದೂ ಗೊತ್ತಿಲ್ಲ. ಮೈಸೂರಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಟೇಪ್‌ರೆಕಾರ್ಡರಿನಲ್ಲಿ ಹಾಕಿ, ಸಮುದಾಯ ಭವನದ ಹಿಂದಿನ ರೂಮಿನಲ್ಲಿ ಕುಳಿತು, ಮೂವರೂ ನಾಲ್ಕು ತಿಂಗಳು ಕಲಿತರು. ಹಾಡು ಎಮ್ಮೆ ಕೆರೆಗಿಳಿದ ಹಾಗೆ ಗಂಭೀರವಾಗಿ, ನಿಧಾನವಾಗಿ ಸಾಗುತ್ತಿತ್ತು. ಹಾಡುವವನ ದನಿಯೂ ಬಾವಿಯೊಳಗಿಂದ ಬಂದಷ್ಟು ದಪ್ಪ.

"ಇದ್ಯಾಕ್ಲಾ ಇಷ್ಟು ನಿಧಾನ?" ಎಂದು ದೇವರಾಜು ಒಮ್ಮೆ ಅನುಮಾನಪಟ್ಟದ್ದುಂಟು.

"ಅಲ್ಲಿ ಚಳಿ ಜಾಸ್ತಿ ಕಣೋ. ಜನ ಎಲ್ಲಾನೂ ನಿಧಾನಕ್ಕೇ ಮಾಡ್ತಾರೆ" ಎಂದು ಮಾದೇಶ್ ಭೂಗೋಳದಿಂದಲೇ ಉತ್ತರ ಹುಡುಕಿ ಕೊಟ್ಟರು. ಅನುಮಾನ ಅಲ್ಲಿಗೆ ತೀರಿತು.

ಹಾಡು ಗೆದ್ದಿತು. ಹೆಡತಲೆಯಲ್ಲಿ ಮದುವೆಗೆ ಬಂದ ಅಜ್ಜಿಯರು ಅದಕ್ಕೆ ತಲೆದೂಗಿದರು. ೧೯೯೪ರಲ್ಲಿ ತಿ. ನರಸೀಪುರದ ಕಾರ್ಯಕ್ರಮದಲ್ಲಿ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಬೋರಯ್ಯನವರು ಮುಂದಿನ ಸಾಲಿನಲ್ಲಿ ಕುಳಿತು, ತೊಡೆಯ ಮೇಲೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಪೂರ್ತಿ ರೆಕಾರ್ಡ್ ಮಾಡಿಕೊಂಡು ಹೋದರು. ತಮ್ಮ ಸಂಗೀತ ಮುಂದಿನ ಜನಾಂಗಕ್ಕೆ ಉಳಿಯಿತು ಎಂದು ಪ್ರೇಮ್‌ಕುಮಾರ್ ಅವತ್ತು ಹಿಗ್ಗಿದರು, ಆಮೇಲೆ ಮರೆತರು.

ಊರೂ ಅವರನ್ನು ಮರೆಯಿತು. ಮೊದಲು ವಿಸಿಡಿ ಬಂತು, ಆಮೇಲೆ ಡಿಜೆ ಬಂತು. ಒಂದು ಆಟೋದಷ್ಟಿರುವ ಸ್ಪೀಕರ್ ತಂದು ನಿಲ್ಲಿಸಿ ಬಟನ್ ಒತ್ತಿದರೆ ಆಯಿತು. ಡಿಜೆಗೆ ಕೂಲಿಂಗ್ ಗ್ಲಾಸ್ ಬೇಕು, ಗಿಟಾರು ಬೇಡ. ೨೦೦೩ರ ಹೊತ್ತಿಗೆ ಕಪಿಲಾ ರಾಕರ್ಸ್‌ನಲ್ಲಿ ಉಳಿದದ್ದು ಲೆಟರ್‌ಹೆಡ್ ಒಂದೇ.

ಹೀಗಿರುವಾಗ ೨೦೦೭ರ ಮಾರ್ಚಿನಲ್ಲಿ, ತಿ. ನರಸೀಪುರದ ಅಂಬೇಡ್ಕರ್ ಯುವಕರ ಸಂಘದ ಕಾರ್ಯದರ್ಶಿ ಮರಿಸ್ವಾಮಿ ಫೋನ್ ಮಾಡಿದ.

"ಜೈ ಭೀಮ್ ಅಣ್ಣ. ಜಯಂತಿ ದಿನ ಸಂಜೆ ನಮ್ದು ಡಿಜೆ ಅದೆ. ಅವರು ಸೆಟ್ಟಿಂಗ್ ಮಾಡ್ಕೊಳೋತಂಕ ಅರ್ಧ ಗಂಟೆ ಖಾಲಿ. ಹಿರಿಯರು ನಿಮ್ ಹೆಸ್ರೇಳುದ್ರು. ಬತ್ತೀರಾ?"

ವೈರು ಜೋಡಿಸುವ ಗ್ಯಾಪಿನಲ್ಲಿ ಹಾಡಲು ಕರೆದಿದ್ದಾರೆ ಎಂದು ಬೇರೆಯವರಾದರೆ ಬೇಸರಪಡುತ್ತಿದ್ದರು. ಪ್ರೇಮ್‌ಕುಮಾರ್ ಮಾತ್ರ ಅದನ್ನು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ‘ಕಮ್‌ಬ್ಯಾಕ್’ ಎಂದು ಘೋಷಿಸಿದರು. ಯಾರೋ ನಕ್ಕರು. "ಈಗಿನ್ ಐಕ್ಳಿಗೆ ನೀನ್ ಯಾರು ಅಂತ ಗೊತ್ತೇನ್ಲಾ?" ಎಂದು ಕೆಣಕಿದರು. ಮಾತು ಬೆಳೆಯಿತು. ಕಡೆಗೆ ಪ್ರೇಮ್‌ಕುಮಾರ್ ಲೋಟ ಕುಕ್ಕಿ ಎದ್ದು ನಿಂತು, "ಇಪ್ಪತ್ ವರ್ಷದೊಳಗಿನ ಐಕ್ಳ ಕೈಲಿ ಒನ್ಸ್‌ಮೋರ್ ಅನ್ನುಸ್ಬುಟ್ಟೇ ಬತ್ತೀನಿ. ಇಲ್ದಿದ್ರೆ ಗಿಟಾರ್ ಗೋಡೆಗೆ ಹಾಕಿ, ಹಾರ ಹಾಕ್ಬುಟ್ಟು, ಇನ್ ಮುಟ್ಟಾದೇ ಇಲ್ಲ!" ಎಂದು ಶಪಥ ಮಾಡಿದರು.

ಶಪಥದ ಸುದ್ದಿ ಅವರಿಗಿಂತ ಮುಂಚೆ ಮನೆ ಮುಟ್ಟಿತ್ತು. ಪಿಯುಸಿ ಓದುತ್ತಿದ್ದ ಮಗಳು ಸಂಘಮಿತ್ರಾ, ಅಪ್ಪನಿಗೆ ಪ್ರಾಕ್ಟೀಸಿಗೆ ಆಗಲಿ ಎಂದು, ಕಂಪ್ಯೂಟರ್ ಅಂಗಡಿಯಲ್ಲಿ ಹಾಡಿನ ಒಂದು ಸಾಲು ಹೇಳಿ ಇಂಟರ್‌ನೆಟ್ಟಿನಲ್ಲಿ ಹುಡುಕಿಸಿ, ಸಿಡಿ ಮಾಡಿಸಿ ತಂದಳು. ಕವರಿನ ಮೇಲೆ ನಾಲ್ವರು ನರೆತ ಮುದುಕರ ಫೋಟೊ.

"ಈ ತಾತಂದಿರು ಯಾರವ್ವಾ?"

"ಇವ್ರೇ ಕಣಪ್ಪ ನಿನ್ ಫಾರಿನ್ ಬ್ಯಾಂಡು."

ಪ್ರೇಮ್‌ಕುಮಾರ್ ಫೋಟೊವನ್ನು ನೋಡಿದರು, ತಮ್ಮ ಹೊಟ್ಟೆಯನ್ನೂ ಒಮ್ಮೆ ನೋಡಿಕೊಂಡರು. ಅಷ್ಟರಲ್ಲಿ ಹಾಡು ಶುರುವಾಯಿತು. ಅದು ಸಾಗಲಿಲ್ಲ, ಓಡಿತು. ಹಾಡುವವನ ದನಿಯೋ ಆಗ ತಾನೇ ಮೀಸೆ ಬಂದ ಹುಡುಗನದು.

"ಸಿಡಿ ಕೆಟ್ಟದೆ" ಎಂದರು.

"ಸಿಡಿ ಸರ್ಯಾಗೈತೆ ಅಪ್ಪಾ. ನಿನ್ ಟೇಪ್‌ರೆಕಾರ್ಡ್ ಕೆಟ್ಟಿತ್ತು" ಎಂದ ಸಂಘಮಿತ್ರಾ ಅಟ್ಟದಿಂದ ಹಳೆಯ ಟೇಪ್‌ರೆಕಾರ್ಡರನ್ನು ಇಳಿಸಿದಳು. ಪ್ರೇಮ್‌ಕುಮಾರ್ ಫಿಟ್ಟರ್ ಅಲ್ಲವೇ, ತಾವೇ ಬಿಚ್ಚಿದರು. ಒಳಗೆ ಚಕ್ರ ತಿರುಗಿಸುವ ರಬ್ಬರ್ ಬೆಲ್ಟು ಹಳೆಯ ಚಡ್ಡಿಯ ಎಲಾಸ್ಟಿಕ್ಕಿನಂತೆ ಜೋತು ಬಿದ್ದಿತ್ತು. ಕೊಂಡ ದಿನವೇ ಹೀಗಿದ್ದಿರಬೇಕು. ಟೇಪು ಏದುಸಿರು ಬಿಡುತ್ತ ತಿರುಗಿದೆ. ಇವರು ಆ ಏದುಸಿರನ್ನೇ ಡಿಟ್ಟೋ ಕಲಿತಿದ್ದಾರೆ! ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಸಡಿಲವನ್ನೂ ಬೆರಳಲ್ಲೇ ಪತ್ತೆಹಚ್ಚುವ ಮನುಷ್ಯ ಆ ಬೆಲ್ಟನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆಳೆದು ನೋಡಿದರು.

ಮರುದಿನವೇ ತುರ್ತು ಸಭೆ. ಈಗಿನ ಮಕ್ಕಳ ಮೊಬೈಲಿನಲ್ಲಿ ಅಸಲಿ ಹಾಡು ಇದ್ದೀತು, ಹಳೆಯ ಗತಿಯಲ್ಲಿ ನುಡಿಸಿದರೆ ನಗುತ್ತಾರೆ, ಆದ್ದರಿಂದ ಅಸಲಿ ಸ್ಪೀಡಿಗೇ ಕಲಿಯಬೇಕು ಎಂದು ಅಧ್ಯಕ್ಷರು ಠರಾವು ಮಾಡಿದರು. ಮಾದೇಶ್‌ಗೆ ಮೊಣಕೈ ಹಿಡಿಯಿತು. ದೇವರಾಜುವಿಗೆ ಎರಡನೆಯ ಸಾಲಿಗೇ ಉಸಿರು ಕಟ್ಟಿತು. "ಲೇ ಪ್ರೇಮ, ಹಾಲಿನ್ ವ್ಯಾನ್ ಹಿಂದೆ ಓಡಿದಂಗಾಯ್ತದೆ ಕಣ್ಲಾ" ಎಂದು ಗೋಗರೆದರೂ ಅಧ್ಯಕ್ಷರು ಕರಗಲಿಲ್ಲ.

ಏಪ್ರಿಲ್ ಹದಿನಾಲ್ಕು, ಸಂಜೆ ಐದೂವರೆ. ತಿ. ನರಸೀಪುರದ ಮೈದಾನ ಕಿಕ್ಕಿರಿದಿತ್ತು. ಬೆಳಗಿನ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದ್ದ ಹೈಸ್ಕೂಲ್ ಮಕ್ಕಳು ಬಿಳಿ ಶೂ ಸಮೇತ ವೇದಿಕೆಯ ಮುಂದೆಯೇ ಕುಳಿತಿದ್ದರು. ಜರ್ಕಿನ್ನಿನ ಜಿಪ್ಪು ಮೇಲೇರಲಿಲ್ಲ. ಪ್ರೇಮ್‌ಕುಮಾರ್ ಅದನ್ನು ತೆರೆದೇ ಬಿಟ್ಟು, ಅದೇ ಸ್ಟೈಲ್ ಎಂಬಂತೆ ನಿಂತರು. ಟೀ ಅಂಗಡಿಯ ನಾಲ್ವರು ಬಸ್ಸು ಹತ್ತಿ ಬಂದು, ಒಂದು ಸೇವಂತಿಗೆ ಹಾರವನ್ನೂ ಜೊತೆಗೆ ತಂದು, ಕಾಣುವ ಹಾಗೆ ಹಿಡಿದುಕೊಂಡು ನಿಂತಿದ್ದರು.

ಎರಡು ಸಿನಿಮಾ ಹಾಡು ಮುಗಿದವು. ಅಲ್ಲೊಂದು ಇಲ್ಲೊಂದು ಚಪ್ಪಾಳೆ. ಮರಿಸ್ವಾಮಿ ವಾಚು ತೋರಿಸಿದ. ಡಿಜೆ ಹುಡುಗ "ಚೆಕ್, ಚೆಕ್" ಎಂದ. ಪ್ರೇಮ್‌ಕುಮಾರ್ ಫಾರಿನ್ ಐಟಂ ಶುರು ಮಾಡಿದರು, ಅಸಲಿ ಸ್ಪೀಡಿನಲ್ಲಿ.

ಮೊದಲ ನಾಲ್ಕು ಸ್ವರ ಬಿದ್ದವೋ ಇಲ್ಲವೋ, ಬಿಳಿ ಶೂಗಳೆಲ್ಲ ಒಟ್ಟಿಗೆ ಎದ್ದು ನಿಂತವು! ಎದ್ದವರು ಎಡಗಾಲು ಎತ್ತಿದರು, ಇಡಲಾಗದೆ ತಡವರಿಸಿದರು, ಒಬ್ಬರ ಮೇಲೊಬ್ಬರು ಬಿದ್ದರು.

"ನಮ್ ಪೆರೇಡ್ ಹಾಡು ಕಣ್ಲಾ ಇದು!"

"ಇಷ್ಟು ಜೋರಾಗ್ ಹೊಡುದ್ರೆ ಯಾವ್ ಕಾಲ್ ಎತ್ತಾದು?"

ಮೂಗುತಿಯ ಹುಡುಗಿಯೊಬ್ಬಳು ವೇದಿಕೆಯ ಅಂಚಿಗೇ ಬಂದು ಬೆರಳು ತೋರಿಸಿ, "ಅಣ್ಣಾ, ತಪ್ಪು ಹೊಡೀತಿದೀರ! ನಿಧಾನುಕ್ ಹೊಡೀರಿ! ನಮ್ ಬೋರಯ್ಯ ಮೇಷ್ಟ್ರ ಹಾಡು ಕೆಡುಸ್ಬೇಡಿ!" ಎಂದು ಕೂಗಿದಳು.

ಬೋರಯ್ಯ ಮೇಷ್ಟ್ರ ಹಾಡು! ಪ್ರೇಮ್‌ಕುಮಾರ್ ಅವರ ಕೈ ತಂತಿಯ ಮೇಲೆಯೇ ನಿಂತಿತು. ಅಷ್ಟರಲ್ಲಿ ಮುಂದಿನ ಸಾಲಿನಿಂದ, ರಿಟೈರಾಗಿ ಬೆತ್ತ ಹಿಡಿದಿದ್ದ ಬೋರಯ್ಯನವರು ಎದ್ದರು. ಸೊಂಟ ಬಾಗಿದ್ದರೂ ದನಿ ಡ್ರಿಲ್ಲಿನದೇ.

"ನಂದಲ್ಲ ಕಣ್ರವ್ವಾ! ಹದಿಮೂರ್ ವರ್ಷದಿಂದ ನೀವು ಹೆಜ್ಜೆ ಹಾಕ್ತಿರೋದು ಇವ್ರ ಹಾಡಿಗೆ! ಆ ಜರ್ಕಿನ್ನಿನವ್ರಿದಾರಲ್ಲ, ಅವ್ರದು! ಸ್ಕೂಲ್, ಸಾವಧಾನ್!"

ಬಿಳಿ ಶೂಗಳು ಠಪ್ಪೆಂದು ಕೂಡಿಕೊಂಡವು. ಆಮೇಲೆ ಶುರುವಾಯಿತು, ಎಡ, ಬಲ, ಎಡ, ಬಲ, ಎಮ್ಮೆ ಕೆರೆಗಿಳಿಯುವ ಆ ಹಳೆಯ ಗಂಭೀರ ನಡಿಗೆ. ಮಾದೇಶ್ ಅಧ್ಯಕ್ಷರ ಅಪ್ಪಣೆಗೆ ಕಾಯಲಿಲ್ಲ. ಕಾಲುಗಳ ಸದ್ದಿಗೆ ಕೋಲು ಸೇರಿಸಿದರು. ದೇವರಾಜು ಬಾವಿಯೊಳಗಿನ ದನಿ ತೆಗೆದರು. ಪ್ರೇಮ್‌ಕುಮಾರ್ ಅವರ ಬೆರಳುಗಳು ತಾವಾಗಿಯೇ ಗಿಟಾರಿನ ಎರಡು ಮನೆ ಕೆಳಗಿಳಿದು ಹಳೆಯ ಸ್ವರ ಹಿಡಿದವು. ಮೈದಾನವೇ ಹೆಜ್ಜೆ ಹಾಕಿತು! ಬಾಣಂತಿಯರು ಕಂಕುಳ ಕೂಸನ್ನು ಕುಣಿಸಿದರು. ಹತ್ತು ವರ್ಷದ ಹಿಂದೆ ಇದೇ ಹಾಡಿಗೆ ಪೆರೇಡ್ ಮಾಡಿ ಈಗ ಮೀಸೆ ಬಿಟ್ಟಿದ್ದ ಮರಿಸ್ವಾಮಿಯೂ ವಾಚು ಮರೆತು ಎಡ, ಬಲ ಎಂದ. ಡಿಜೆ ಹುಡುಗ ಹೆಡ್‌ಫೋನ್ ಕಳಚಿ ಸ್ಪೀಕರಿನ ಮೇಲೆ ಹತ್ತಿ ನಿಂತ.

ಹಾಡು ಮುಗಿಯಿತು. ಮೊದಲು ಮೂಗುತಿಯ ಹುಡುಗಿ, ಆಮೇಲೆ ಬಿಳಿ ಶೂಗಳೆಲ್ಲ:

"ಒನ್ಸ್‌ಮೋರ್!"

ಮೂರು ಸಲ ನುಡಿಸಿದರು. ಮೂರನೆಯ ಸಲ ಟೀ ಅಂಗಡಿಯ ನಾಲ್ವರೇ ವೇದಿಕೆ ಹತ್ತಿ, ಗಿಟಾರಿಗೆಂದು ತಂದಿದ್ದ ಸೇವಂತಿಗೆ ಹಾರವನ್ನು ಪ್ರೇಮ್‌ಕುಮಾರ್ ಅವರ ಕೊರಳಿಗೆ ಹಾಕಿದರು. ಸಂಘಮಿತ್ರಾ ಕೆಳಗೆ ನಿಂತು, ಅಳುತ್ತಲೋ ನಗುತ್ತಲೋ ಹೇಳಲಾಗದಂತೆ, ಶಿಳ್ಳೆ ಹೊಡೆದಳು.

ಇಳಿದು ಬರುತ್ತಿದ್ದವರನ್ನು ಲೋಕಲ್ ಕೇಬಲ್ಲಿನ ವರದಿಗಾರ ಅಡ್ಡಗಟ್ಟಿ, ಮೈಕನ್ನು ಗಲ್ಲಕ್ಕೇ ಹಿಡಿದ. ಮುಖದಲ್ಲಿ ಭಾರಿ ಗಾಂಭೀರ್ಯ.

"ಸಾರ್, ದಶಕಗಳುದ್ದಕ್ಕೂ ಎಳೆಯ ಮನಸ್ಸುಗಳಲ್ಲಿ ಅಚ್ಚಳಿಯದೆ ಉಳಿದಿರುವ ತಮ್ಮ ಈ ವಿಶಿಷ್ಟ ಶೈಲಿಯ ಹಿಂದಿರುವ ಆ ದಿವ್ಯ ಪ್ರೇರಣೆ ಯಾವುದು ಸಾರ್?"

ಪ್ರೇಮ್‌ಕುಮಾರ್ ಕೂಲಿಂಗ್ ಗ್ಲಾಸ್ ತೆಗೆದರು.

"ಟೇಪ್‌ರೆಕಾರ್ಡಿನ್ ಬೆಲ್ಟು ಲೂಸಾಗಿತ್ತು ಕಣಪ್ಪ."